ಅಕ್ಕ ಲಂಡನ್ ಮುಟ್ಟುವವರೆಗೆ

ಐವತ್ತರ ದಶಕದಲ್ಲಿ ನನ್ನ ಅಕ್ಕ ಕೈಗೂಸನ್ನು ಎತ್ತಿಕೊಂಡು ಬೊಂಬಾಯಿಯಿಂದ ಲಂಡನ್ನಿಗೆ ವಿಮಾನದಲ್ಲಿ ಹೋದಳು. ಭಾವ ಅಲ್ಲಿ ಡಾಕ್ಟರಿಕೆಯ ಮೇಲಿನ ಓದು ಓದುತ್ತಿದ್ದರು. ಕೂಸನ್ನು ಅಷ್ಟು ದಿನ ಹಡಗಿನಲ್ಲಿ ಇಟ್ಟುಕೊಳ್ಳುವುದು ಬೇಡವೆಂದು ಅವರೇ ಹೇಳಿದ್ದರು.

ಅಪ್ಪನಿಗೆ ದೇವರಾಜ ಮೊಹಲ್ಲಾದಲ್ಲಿ ಜವಳಿ ಅಂಗಡಿ. ಏನು ಕಂಡರೂ ಅಳೆಯುವ ಅಭ್ಯಾಸ. ನನ್ನ ಕಾಲೇಜಿನ ಅಟ್ಲಾಸ್ ಬಿಡಿಸಿ, ಬೊಂಬಾಯಿಯ ಮೇಲೆ ದಾರದ ತುದಿ ಒತ್ತಿ ಹಿಡಿದು, ಕೈರೋ, ರೋಮ್ ಮುಟ್ಟಿಸಿ ಲಂಡನ್ನಿಗೆ ಎಳೆದರು. ಐದು ಸಾವಿರ ಮೈಲಿಯ ಹತ್ತಿರ ಹತ್ತಿರ, ಅಲ್ಲಲ್ಲಿ ಇಳಿದು ಹತ್ತಿದರೂ ಒಂದು ಹಗಲು ಒಂದು ರಾತ್ರಿಯ ಹಾದಿ ಎಂದು ಲೆಕ್ಕ ಹೇಳಿದರು. ಅವ್ವ ನೀಲಿ ಬಣ್ಣದ ಮೇಲೆ ಬೆರಳಿಟ್ಟಳು.

“ಇದೆಲ್ಲಾ ನೀರು ತಾನೆ? ಕೆಟ್ಟೋದ್ರೆ ಎಲ್ಲಿ ಇಳೀತದೆ?”

ಅಪ್ಪ ಅಟ್ಲಾಸ್ ಮುಚ್ಚಿಬಿಟ್ಟರು.

ಭಾವನ ಅಣ್ಣ ಬೊಂಬಾಯಿಯಲ್ಲಿದ್ದರು. ಅವರೇ ಅಕ್ಕನನ್ನು ವಿಮಾನ ಹತ್ತಿಸಿ ತಂತಿ ಕೊಟ್ಟರು. ಮರುದಿನ ಲಂಡನ್ನಿನಿಂದ ತಂತಿ ಬರಬೇಕಿತ್ತು. ಬರಲಿಲ್ಲ. ಅಲ್ಲಿ ಹೊತ್ತು ಮುಳುಗುವುದು ನಮಗಿಂತ ತಡ, ಅದಕ್ಕೇ ಇರಬೇಕು ಎಂದು ಅಪ್ಪ ಸಮಾಧಾನ ಹೇಳಿದರು. ಅದರ ಮಾರನೆಯ ದಿನ ಮಧ್ಯಾಹ್ನವಾದರೂ ಬರಲಿಲ್ಲ.

ಆ ಮಧ್ಯಾಹ್ನ ನಾನು ಪಕ್ಕದ ಮನೆಗೆ ಹೆಪ್ಪು ಕೇಳಲು ಹೋಗಿದ್ದೆ. ಅಲ್ಲಿ ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಬರುತ್ತಿತ್ತು. ಸಮುದ್ರದ ಮೇಲೆ ಹೋಗುತ್ತಿದ್ದ ವಿಮಾನವೊಂದು ಕಾಣೆಯಾಗಿದೆ ಎಂದಷ್ಟೇ ಕಿವಿಗೆ ಬಿತ್ತು. ಯಾವ ಸಮುದ್ರ, ಎಲ್ಲಿಗೆ ಹೊರಟಿದ್ದ ವಿಮಾನ, ಒಂದೂ ತಲೆಗೆ ಹೋಗಲಿಲ್ಲ. ಬಟ್ಟಲನ್ನು ಅಲ್ಲೇ ಬಿಟ್ಟು ಅಂಗಡಿಗೆ ಓಡಿದೆ. ಅಪ್ಪ ಗಿರಾಕಿಗೆ ಪಂಚೆ ಬಿಡಿಸಿ ತೋರಿಸುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಆ ಪಂಚೆಯನ್ನು ಮಡಿಸಲು ಹೋದರು. ಮಡಿಕೆ ಕೂಡಲಿಲ್ಲ.

“ನಿಮ್ಮವ್ವನಿಗೆ ಹೇಳ್ಬೇಡ ಕಣವ್ವ,” ಎಂದರು.

ಹೇಳುವ ಅಗತ್ಯವೇ ಬೀಳಲಿಲ್ಲ. ನಾನು ಬಿಟ್ಟುಬಂದ ಬಟ್ಟಲು ಕೊಡಲು ಬಂದ ಪಕ್ಕದ ಮನೆಯವರು ವಾರ್ತೆಯನ್ನೂ ಹೇಳಿ ಹೋಗಿದ್ದರು. ತಂತಿ ಆಫೀಸಿಗೆ ಹೋಗಿ ಭಾವನಿಗೆ ತಂತಿ ಕೊಟ್ಟು ನಾವಿಬ್ಬರೂ ಮನೆಗೆ ಬಂದಾಗ ಅವ್ವ ನಮ್ಮ ಮುಖ ನೋಡಿ ಗೋಡೆ ಹಿಡಿದು ಕುಳಿತಳು. ಒಲೆಯ ಮೇಲೆ ಸಾರು ಸೀದು ಹೋಗುತ್ತಿದ್ದರೂ ಯಾರೂ ಏಳಲಿಲ್ಲ.

ಸಂಜೆ ತಂತಿಯವನ ಸೈಕಲ್ಲು ಬಾಗಿಲಲ್ಲಿ ನಿಂತಿತು. ಸಾವಿನ ಸುದ್ದಿಯೂ ಹೀಗೆಯೇ ಬರುತ್ತಿದ್ದ ಕಾಲ. ಅಪ್ಪ ಮುಂದೆ ಹೋಗಲಾರದೆ ನಿಂತರು. ನಾನೇ ಸಹಿ ಹಾಕಿ ಒಡೆದೆ. ತಂತಿ ಕೊಟ್ಟವಳು ಅಕ್ಕನೇ. ಇಂಜಿನ್ ಕೆಟ್ಟು ಕೈರೋದಲ್ಲಿ ನಿಂತಿದ್ದೇವೆ, ಇಬ್ಬರೂ ಕ್ಷೇಮ, ನಾಳೆ ಹೊರಡುತ್ತೇವೆ ಎಂದಿತ್ತು. ಅವ್ವ ಇನ್ನೊಂದು ಸಲ ಓದಿಸಿದಳು. ಅತ್ತಳು. ಕಣ್ಣೊರೆಸಿಕೊಂಡು ಕೇಳಿದಳು:

“ಇನ್ನೂ ಎಷ್ಟು ದೂರ ಅದೆ?”

ಅರ್ಧದಷ್ಟು ದಾರಿ ಉಳಿದಿತ್ತು. ಅದೂ ಕೆಟ್ಟು ನಿಂತ ವಿಮಾನದಲ್ಲಿ, ಮತ್ತೆ ಸಮುದ್ರದ ಮೇಲೆ. ಅಪ್ಪ “ಇನ್ನೇನು, ಹತ್ರ,” ಎಂದರು.

“ಆ ಕಾಣೆಯಾದ ವಿಮಾನದೋರ ಮನೇಲೂ ಹಿಂಗೇ ಕಾಯ್ತಾ ಕೂತಿರ್ತಾರೆ,” ಎಂದಳು ಅವ್ವ.

ಮುಟ್ಟಿದರೆಂದು ಭಾವನ ತಂತಿ ಬರುವವರೆಗೆ ಅವ್ವ ಸರಿಯಾಗಿ ಉಣ್ಣಲಿಲ್ಲ. ಕೆಲವು ವರ್ಷಗಳ ಮೇಲೆ ಅಕ್ಕ ಊರಿಗೆ ಬಂದಳು, ಹಡಗಿನಲ್ಲಿ. ನಾವಿಬ್ಬರೇ ಬಟ್ಟೆ ಒಗೆಯುತ್ತಿದ್ದಾಗ ಅವಳು ಹೇಳಿದಳು: ಅಂದು ಕೈರೋ ಮುಟ್ಟುವ ಮೊದಲು ವಿಮಾನದ ರೆಕ್ಕೆಯಲ್ಲಿ ಬೆಂಕಿ ಕಂಡಿತ್ತಂತೆ. ಕೂಸಿಗೆ ಕಾಣದಿರಲೆಂದು ಸೆರಗು ಮುಚ್ಚಿ, ಇಳಿಯುವವರೆಗೂ ಹಾಗೇ ಕುಳಿತಿದ್ದಳಂತೆ.