ಓಬಳೇಶ್ ಮೇಸ್ತ್ರಿ ಫ್ಲಾಟ್ ಕೊಂಡದ್ದು

ಓಬಳೇಶನ ಅರ್ಧ ಆಯುಸ್ಸು ಬೇರೆಯವರ ಮನೆಯ ನೆಲದ ಮೇಲೆ ಮಂಡಿಯೂರಿಯೇ ಕಳೆದಿತ್ತು. ಜಗಳೂರು ಸೀಮೆಯ ಹಳ್ಳಿಯಿಂದ ಇಪ್ಪತ್ತೊಂದನೇ ವಯಸ್ಸಿಗೆ ಬೆಂಗಳೂರು ಸೇರಿ, ಪರಶುರಾಮ್ ಎಂಬ ಟೈಲ್ಸ್ ಮೇಸ್ತ್ರಿಯ ಕೈಕೆಳಗೆ ಸಿಮೆಂಟು ಕಲಸಿದವನು, ಈಗ ಮೂವತ್ತೊಂಬತ್ತಕ್ಕೆ ತಾನೇ ಆರು ಜನರ ಮೇಸ್ತ್ರಿ. ಅವನು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ಕೂರುತ್ತದೆ ಎನ್ನುವ ಮಾತಿತ್ತು. ಮಂಡಿಗಳು ಮಾತ್ರ ಮೆಟ್ಟಿಲು ಹತ್ತುವಾಗ ಲಟಲಟ ಅನ್ನುತ್ತಿದ್ದವು.

ಹೆಂಡತಿ ದುರ್ಗಾಂಬಿಕಾ ಹಾಸ್ಟೆಲ್ಲು, ಪೀಜಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ದಿನಕ್ಕೆ ಮುನ್ನೂರು ರೊಟ್ಟಿ. ಬೆಳಗಿನ ಐದು ಗಂಟೆಗೇ ಅವಳ ಕೈ ರೊಟ್ಟಿ ಬಡಿಯಲು ಶುರುಮಾಡುತ್ತಿತ್ತು, ಏಳು ಗಂಟೆಗೆ ಮನೆ ಓನರು ಬಾಗಿಲು ಬಡಿಯುತ್ತಿದ್ದ. ಆ ಸದ್ದಿನ ದೆಸೆಯಿಂದ ಹನ್ನೆರಡು ವರ್ಷಗಳಲ್ಲಿ ಐದು ಬಾಡಿಗೆ ಮನೆ ಬದಲಾಗಿದ್ದವು. ಐದನೆಯ ಓನರು "ಒಂದೋ ರೊಟ್ಟಿ ಬಿಡಿ, ಇಲ್ಲಾ ಮನೆ ಬಿಡಿ" ಎಂದ ದಿನ ದುರ್ಗಾಂಬಿಕಾ ಕೈಗೆ ಅಂಟಿದ ಹಿಟ್ಟನ್ನೂ ತೊಳೆಯದೆ ಗಂಡನ ಮುಂದೆ ನಿಂತಳು.

"ರೀ, ಸಾಕು. ನಮ್ದು ಅಂತ ಒಂದು ಗೋಡೆ ಬೇಕು ನಂಗೆ."

ರೊಟ್ಟಿ ಕೊಳ್ಳಲು ಬರುತ್ತಿದ್ದ ಅರುಣಾ ಎಂಬಾಕೆಯೇ ದಾರಿ ತೋರಿಸಿದಳು. ದಾಸರಹಳ್ಳಿ ಕಡೆಯ ಅವಳ ಅಪಾರ್ಟ್‌ಮೆಂಟಿನಲ್ಲಿ, ಅವಳ ಎದುರಿಗಿನ ಫ್ಲಾಟ್ ಮಾರಾಟಕ್ಕಿತ್ತು. ಮಾಲೀಕರು ಶಿವಮೂರ್ತಪ್ಪ ಎನ್ನುವವರು. ಫ್ಯಾಕ್ಟರಿ ಕೆಲಸದಿಂದ ನಿವೃತ್ತರಾಗಿ, ಹೆಂಡತಿ ಶಿವಗಂಗಮ್ಮನ ಜೊತೆ ಸ್ವಂತ ಊರು ತ್ಯಾವಣಿಗೆಗೆ ವಾಪಸಾಗಿದ್ದರು. ಬೀಗದ ಕೈ ಅರುಣಾಳ ಹತ್ತಿರವೇ ಇತ್ತು.

ಭಾನುವಾರ ಗಂಡ ಹೆಂಡತಿ ನೋಡಲು ಹೋದರು. ಮೂರನೇ ಮಹಡಿ, ಎರಡು ಕೋಣೆ, ಅಡುಗೆಮನೆಗೆ ಪೂರ್ವದ ಬೆಳಕು. ದುರ್ಗಾಂಬಿಕಾ ಅಡುಗೆಮನೆಯ ಕಟ್ಟೆಯ ಮೇಲೆ ರಪರಪನೆ ಅಂಗೈ ಬಡಿದು ಅರುಣಾಳ ಮನೆಗೆ ಓಡಿದಳು. "ಕೇಳಿಸ್ತೇನಕ್ಕಾ?" "ಏನು ಕೇಳಿಸಬೇಕಿತ್ತು?" ಎಂದಳು ಅರುಣಾ. ದುರ್ಗಾಂಬಿಕಾಳ ಮಟ್ಟಿಗೆ ಮನೆ ಅಲ್ಲಿಗೇ ಗೊತ್ತಾಗಿ ಹೋಯಿತು.

ಓಬಳೇಶನದು ಬೇರೆಯೇ ಪರೀಕ್ಷೆ. ಹತ್ತು ರೂಪಾಯಿಯ ನಾಣ್ಯ ಹಿಡಿದು ನೆಲವನ್ನು ಕುಟ್ಟುತ್ತಾ ಹೋದ. ಹಾಲ್‌ನಲ್ಲಿ ಟಣ್ ಟಣ್ ಎಂದದ್ದು ಬಾಲ್ಕನಿಯಲ್ಲಿ ಎರಡು ಕಡೆ ಡಬ್ ಎಂದಿತು, ಅಂದರೆ ಕೆಳಗೆ ಟೊಳ್ಳು. ಬಚ್ಚಲಿಗೆ ಹೋಗಿ ಒಂದು ಚೊಂಬು ನೀರು ಸುರಿದ. ನೀರು ಮೂಲೆಯ ಜಾಲರಿ ಕಡೆ ಹೋಗದೆ ನೇರವಾಗಿ ಬಾಗಿಲ ಕಡೆ ಹರಿದುಬಂದು ಅವನ ಕಾಲನ್ನೇ ತೊಳೆಯಿತು. ಓಬಳೇಶನಿಗೆ ಎಲ್ಲಿಲ್ಲದ ಖುಷಿ.

"ನೋಡೇ ದುರ್ಗಾ, ನೀರು ಇಳಿಯೋ ವಾಟನೇ ಉಲ್ಟಾ ಕೊಟ್ಟವ್ನೆ! ಯಾವ ಕತ್ತೆ ಮಾಡಿದ್ದೋ. ಇದೊಂದಕ್ಕೇ ಒಂದು ಲಕ್ಷ ಇಳಿಸಾಕೆ ಬರ್ತೈತೆ."

ಶಿವಮೂರ್ತಪ್ಪ ಹೇಳಿದ್ದು ನಲವತ್ತಾರು ಲಕ್ಷ. ಫೋನಿನಲ್ಲಿ ವ್ಯಾಪಾರ ಬೇಡ, ಮುಖ ನೋಡಿ ಮಾತಾಡೋಣ ಬನ್ನಿ ಎಂದರು. ಮುಂದಿನ ವಾರ ಇಬ್ಬರೂ ಬೆಳಗಿನ ರೈಲಿಗೆ ದಾವಣಗೆರೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ತ್ಯಾವಣಿಗೆಯಲ್ಲಿ ಇಳಿದರು. ದುರ್ಗಾಂಬಿಕಾಳ ಕೈಯಲ್ಲಿ ಇಪ್ಪತ್ತು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ. "ಬರಿಗೈಲಿ ಹೋದ್ರೆ ಬರಿಗೈಲೇ ಬರ್ಬೇಕಾಗ್ತೈತೆ" ಎನ್ನುವುದು ಅವಳ ವಾದ.

ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಚಹಾ ಆಯಿತು. ಮಳೆ, ಬೆಳೆ, ಚಾನೆಲ್ ನೀರಿನ ವಿಚಾರ ಎಲ್ಲ ಆಯಿತು. ಆಮೇಲೆ ಓಬಳೇಶ್ ಜೇಬಿನಿಂದ ಚೀಟಿ ತೆಗೆದ.

"ಯಜಮಾನ್ರೆ, ಮನೆ ಚೆನ್ನಾಗೈತೆ. ಇಲ್ಲ ಅನ್ನಂಗಿಲ್ಲ. ಆದ್ರೆ ಕೆಲಸ ನಂದು ನೋಡ್ರಿ, ಕಣ್ಣು ಸುಮ್ನಿರಲ್ಲ. ಬಾಲ್ಕನಿ ಟೈಲ್ಸ್ ಟೊಳ್ಳು. ಸಿಂಕಿನ ಕೆಳಗೆ ಗೋಡೆ ತೇವ. ನಾವು ನಲವತ್ತೆರಡು ಅಂತ ಬಂದೀವಿ."

"ಹದಿನೇಳು ವರ್ಷದ ಮನೆಯಪ್ಪಾ, ಮನುಷ್ಯನಿಗೇ ಹಲ್ಲು ಅಳ್ಳಾಡ್ತಾವೆ" ಎಂದು ನಕ್ಕ ಶಿವಮೂರ್ತಪ್ಪ ಒಂದು ಲಕ್ಷ ಬಿಟ್ಟರು. ನಲವತ್ತೈದಕ್ಕೆ ಬಂದು ಕಲ್ಲಿನ ಹಾಗೆ ಕೂತುಬಿಟ್ಟರು.

ಓಬಳೇಶ್ ಆಗ ಬಚ್ಚಲನ್ನು ಎತ್ತಿದ. ವಾಟ ಎಂದರೇನು, ಎಷ್ಟು ಕೊಡಬೇಕು, ಉಲ್ಟಾ ಕೊಟ್ಟರೆ ಗೋಡೆಯ ಬುಡಕ್ಕೆ ಏನಾಗುತ್ತದೆ ಎಂದು ಅಂಗೈಯನ್ನು ಓರೆ ಮಾಡಿ ಮಾಡಿ ತೋರಿಸಿದ. "ಪೂರ್ತಿ ಒಡೆದು ಹಾಕ್ಬೇಕು ಯಜಮಾನ್ರೆ. ಇಂಥಾ ಕೆಲಸ ಮಾಡಿದ ಕತ್ತೆ ಕೈಗೆ ಕರಣೆ ಕೊಟ್ಟದ್ದೇ ತಪ್ಪು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಿವಗಂಗಮ್ಮ ಗಂಡನ ಕಡೆ ತಿರುಗಿದರು. "ಕೇಳಿದ್ರಾ? ಹದಿನಾರು ವರ್ಷ ವೈಪರ್ ಹಿಡ್ಕಂಡು ನೀರು ತಳ್ಳಿದೋಳು ನಾನು. ನಾ ಹೇಳಿದ್ರೆ ಕಿವಿಗೆ ಹಾಕ್ಕಣ್ಲಿಲ್ಲ. ಈಗ ಮೇಸ್ತ್ರಿನೇ ಹೇಳ್ತಾ ಇದಾರೆ. ಬಿಡ್ರಿ, ನಲವತ್ನಾಲ್ಕಕ್ಕೆ ಕೊಟ್ಬಿಡ್ರಿ."

ಶಿವಮೂರ್ತಪ್ಪ ತಲೆ ಕೆರೆದುಕೊಂಡು, ಆಯಿತು ಎಂದರು. ದುರ್ಗಾಂಬಿಕಾ ಸೆರಗಿನ ಮರೆಯಲ್ಲಿ ಗಂಡನ ತೊಡೆ ಚಿವುಟಿ ಮೆಚ್ಚುಗೆ ತಿಳಿಸಿದಳು.

ಅಷ್ಟಕ್ಕೇ ಮುಗಿದಿದ್ದರೆ ಮುಗಿದೇ ಹೋಗಿತ್ತು. ಆದರೆ ಶಿವಗಂಗಮ್ಮನಿಗೆ ಹಳೆಯದು ನೆನಪಾಗಿ ನಗು ಬಂತು. "ಆ ಬಚ್ಚಲು ಹಾಕಿದ ಹುಡ್ಗನ್ನ ನಾನು ನೋಡಿದ್ದೆ ಕಣಮ್ಮಾ. ಮನೆ ಇನ್ನೂ ಕಟ್ತಾ ಇದ್ರು. ಸುತ್ತ ಬರೀ ರಾಗಿ ಹೊಲ. ಮೇಸ್ತ್ರಿ ಪರಶುರಾಮ್ ಅಂತ, ಯಾವ್ದೋ ಮದುವೆಗೆ ಹೋಗಿದ್ದ. ಹುಡ್ಗ ಒಬ್ನೇ ಇದ್ದ. ಬಕೆಟ್ ಬೋರಲು ಹಾಕಿ ನನ್ನ ಕೂರ್ಸಿ, 'ಅಮ್ಮಾರೆ, ನಾ ಒಬ್ನೇ ಹಾಕಿದ್ ಮೊದ್ಲ ಬಚ್ಚಲು, ಹೆಂಗೈತೆ?' ಅಂದ. ಎಷ್ಟು ಆಸೆ ಅಂತೀಯ ಕಣ್ಣಾಗೆ! ನನಗೇನು ಗೊತ್ತು ವಾಟ ಗೀಟ. ಭಾಳ ಚೆನ್ನಾಗೈತೆ ಕಣಪ್ಪಾ, ದೊಡ್ಡ ಮೇಸ್ತ್ರಿ ಆಗ್ತೀಯ ಅಂದೆ. ಬ್ಯಾಗಿನಾಗಿದ್ದ ಕೋಡುಬಳೆ ಕೊಟ್ಟೆ."

ಓಬಳೇಶನ ಕೈಯಲ್ಲಿದ್ದ ಚೀಟಿ ನಿಧಾನವಾಗಿ ಮುದುಡಿತು. ರಾಗಿ ಹೊಲ ಹೋಗಿ ಮೆಟ್ರೋ ಬಂದಿತ್ತು, ಕಟ್ಟಡದ ಬಣ್ಣ ಬದಲಾಗಿತ್ತು. ಅವನಿಗೆ ಗುರುತು ಹತ್ತಿರಲಿಲ್ಲ. ಆದರೆ ಆ ಕೋಡುಬಳೆಯ ರುಚಿ ಗೊತ್ತಿತ್ತು. ಬೆಂಗಳೂರಿನಲ್ಲಿ ಅವನ ಕೆಲಸವನ್ನು ಮೊದಲು ಹೊಗಳಿದವರೇ ಆಕೆ. ಪರಶುರಾಮ್ ಮೇಸ್ತ್ರಿ ಬೈದು ಹೊಡೆದ ದಿನಗಳಲ್ಲಿ, ಊರಿಗೆ ವಾಪಸು ಹೋಗಿಬಿಡೋಣ ಅನಿಸಿದಾಗಲೆಲ್ಲ, 'ದೊಡ್ಡ ಮೇಸ್ತ್ರಿ ಆಗ್ತೀಯ' ಎಂಬ ಮಾತನ್ನೇ ಹಿಡಿದುಕೊಂಡು ನಿಂತಿದ್ದ. ಸುಮ್ಮನಿದ್ದರೆ ಒಂದು ಲಕ್ಷ ಉಳಿಯುತ್ತದೆ. ಆದರೆ ತಾನೇ ಕೆಡಿಸಿ, ಕೆಟ್ಟಿದೆ ಎಂದು ತಾನೇ ಬೆಲೆ ಇಳಿಸಿಕೊಂಡ ಹಾಗಾಯಿತಲ್ಲ!

"ಯಾಕ್ರೀ, ಹಿಂಗ್ ಬೆವರ್ತಾ ಇದೀರಿ?" ಎಂದಳು ದುರ್ಗಾಂಬಿಕಾ.

ಅವನು ಶಿವಗಂಗಮ್ಮನಿಗೆ ಕೈ ಮುಗಿದ. "ಅಮ್ಮಾರೆ, ಆ ಕತ್ತೆ ನಾನೇ."

ಶಿವಗಂಗಮ್ಮ ಹತ್ತಿರ ಬಂದು, ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ಶುರುವಾಯಿತು ನೋಡಿ ನಗು. ಕಂಬ ಹಿಡಿದುಕೊಂಡರು, ಕೂತರು, ಸೆರಗಿನಿಂದ ಕಣ್ಣು ಒರೆಸಿಕೊಂಡರು, ಮತ್ತೆ ನಕ್ಕರು. ಶಿವಮೂರ್ತಪ್ಪನಂತೂ "ಸಿಕ್ಕಿಬಿದ್ದ! ಹದಿನೇಳು ವರ್ಷಕ್ಕೆ ಕಳ್ಳ ಸಿಕ್ಕಿಬಿದ್ದ!" ಎಂದು ತೊಡೆ ತಟ್ಟಿದರು.

"ಬಚ್ಚಲಿನ ಒಂದು ಲಕ್ಷ ವಾಪಸ್ ಸೇರಿಸ್ಕಳ್ರಿ. ನಲವತ್ತೈದೇ ಇರ್ಲಿ" ಎಂದ ಓಬಳೇಶ್. ದುರ್ಗಾಂಬಿಕಾ ಮತ್ತೆ ಚಿವುಟಿದಳು, ಈ ಸಲ ಚರ್ಮ ಕಿತ್ತು ಬರುವ ಹಾಗೆ.

"ಆಡಿದ ಮಾತು ಆಡಿದ್ದೇ" ಎಂದರು ಶಿವಗಂಗಮ್ಮ. "ನಲವತ್ನಾಲ್ಕೇ. ಆದ್ರೆ ಈ ಮನೆ ಹಿತ್ಲಾಗೆ ಹೊಸ ಬಚ್ಚಲು ಕಟ್ಟಿಸ್ತಾ ಇದೀವಿ. ನೀನೇ ಬಂದು ಟೈಲ್ಸ್ ಹಾಕ್ಬೇಕು. ಕೂಲಿ ಕೊಡಂಗಿಲ್ಲ."

ಓಬಳೇಶ್ ಬಾಯಿ ತೆರೆಯುವ ಮೊದಲೇ ದುರ್ಗಾಂಬಿಕಾ ಮುಂದೆ ಬಂದಳು. "ಹಾಕಿಕೊಡ್ತಾರಮ್ಮ. ಸಿಮೆಂಟು, ಮರಳು ನಿಮ್ದು. ಮೂರು ದಿನ ಇಬ್ರಿಗೂ ಊಟ ನಿಮ್ದೇ. ಬಾಲ್ಕನಿ ಟೊಳ್ಳಿಗೆ ಮಾತ್ರ ಇನ್ನೊಂದು ಹತ್ತು ಸಾವಿರ ಬಿಡ್ರಿ, ಅದನ್ನ ಇವ್ರು ಹಾಕಿಲ್ಲ."

"ಹಾಕಿಲ್ಲ ಅಂತ ಏನ್ ಗ್ಯಾರಂಟಿ?" ಎಂದರು ಶಿವಮೂರ್ತಪ್ಪ. ಮತ್ತೆ ನಗುವಿನ ಅಲೆ. ಹತ್ತು ಸಾವಿರ ಬಿಟ್ಟೂ ಬಿಟ್ಟರು.

ಎಲೆಯ ಮೇಲೆ ಅಡಿಕೆ ಇಟ್ಟು ಮುಂಗಡ ಕೊಟ್ಟದ್ದಾಯಿತು. ರೊಟ್ಟಿ, ಮುಳಗಾಯಿ ಎಣ್ಣೆಗಾಯಿ ಊಟವೂ ಆಯಿತು. ಇಲ್ಲಿತನಕ ಬಂದು ಸೂಳೆಕೆರೆ ನೋಡದೆ ಹೋಗುವುದುಂಟೇ ಎಂದು ಶಿವಮೂರ್ತಪ್ಪ ತಮ್ಮ ಹಳೆ ಕಾರಿನಲ್ಲಿ ಇಬ್ಬರನ್ನೂ ಹತ್ತಿಸಿಕೊಂಡು ಹೊರಟರು.

ಲೋನ್ ಸಿಕ್ಕಿ, ರಿಜಿಸ್ಟ್ರಿ ಆಗಿ, ಹಾಲು ಉಕ್ಕಿಸುವ ಹೊತ್ತಿಗೆ ಶ್ರಾವಣ ಬಂತು. ಆದರೆ ಮನೆ ತಮ್ಮದಾಯಿತು ಎಂದು ಓಬಳೇಶನಿಗೆ ಅನಿಸಿದ್ದು ಮುಂಗಡ ಕೊಟ್ಟ ದಿನದ ಸಂಜೆಯೇ, ಸೂಳೆಕೆರೆ ಏರಿಯ ಮೇಲೆ. ಕಣ್ಣು ಹಾಯಿಸಿದಷ್ಟೂ ನೀರು. ಮಳೆ ಕಡಿಮೆಯ ಜಗಳೂರು ಸೀಮೆಯಲ್ಲಿ ಹುಟ್ಟಿ ಬೆಳೆದ ದುರ್ಗಾಂಬಿಕಾ ಅಷ್ಟು ನೀರನ್ನು ಒಟ್ಟಿಗೆ ಕಂಡವಳೇ ಅಲ್ಲ. ಚಪ್ಪಲಿ ಬಿಟ್ಟು ಮೆಟ್ಟಿಲಿಳಿದು ಪಾದ ಮುಳುಗಿಸಿ ನಿಂತಳು. ಆಮೇಲೆ ತಿರುಗಿ ಜೋರಾಗಿ ಕೂಗಿದಳು:

"ರೀ, ಇದಕ್ಕೆ ಚದರಡಿಗೆ ಎಷ್ಟು ಹೇಳ್ತಾರೆ ಕೇಳ್ರಿ! ನಾನು ಇಳಿಸ್ತೀನಿ!"

ಏರಿಯ ಮೇಲೆ ಗಾಳಿಗೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಓಬಳೇಶ್ ಲಟಲಟ ಅನ್ನುವ ಮಂಡಿಗಳನ್ನು ಲೆಕ್ಕಿಸದೆ, ನಗುತ್ತಾ, ಪ್ಯಾಂಟು ಮಡಚಿಕೊಂಡು ಅವಳ ಪಕ್ಕಕ್ಕೆ ಇಳಿದ.