ಟಿನ್ ಫ್ಯಾಕ್ಟರಿವರೆಗಿನ ಸಮಾಧಾನ

ಆಫೀಸಿನಲ್ಲಿ ಆ ದಿನ, ಭಾವನೆಗಳ ಅರಿವು ನಮಗೆಷ್ಟಿದೆ ಎಂದು ನಾವೇ ಅಳೆದುಕೊಳ್ಳುವ ಪರೀಕ್ಷೆಯೊಂದನ್ನು ಕೊಟ್ಟಿದ್ದರು. 'ಇನ್ನೊಬ್ಬರ ನೋವನ್ನು ತಾಳ್ಮೆಯಿಂದ ಕೇಳುತ್ತೇನೆ' ಎಂಬಲ್ಲಿ 'ಯಾವಾಗಲೂ' ಎಂದು ಗುರುತು ಹಾಕಿದೆ. ನಿತ್ಯ ಪೂಜೆ ಮಾಡುವವಳು ನಾನು, ಅಷ್ಟು ತಾಳ್ಮೆಯೂ ಇರದೇನು ಎಂಬ ಧೈರ್ಯ.

ಸಂಜೆ ಮಹದೇವಪುರದಿಂದ ಹೊರಟ ಆಫೀಸ್ ಕ್ಯಾಬಿನಲ್ಲಿ ನನ್ನ ಪಕ್ಕ ಕೂತವಳು ಹೊಸದಾಗಿ ಸೇರಿದ್ದ ಧಾರವಾಡದ ಹುಡುಗಿ. ಊರಿಗೆ ಫೋನ್ ಮಾಡಿ ಮುಗಿಸಿ ಕಣ್ಣೊರೆಸಿಕೊಂಡಳು. "ನಮ್ಮವ್ವಗ ಮರವು ಜಾಸ್ತಿ ಆಗೈತ್ರಿ ಅಕ್ಕಾರ. ಇವತ್ತ ನನಗ 'ಯಾರವಾ ನೀ' ಅಂದ್ಳ್ರಿ."

ನಾನು ತಡಮಾಡಲಿಲ್ಲ. "ಎಲ್ಲಾ ಭಗವಂತನ ಇಚ್ಛೆ ಕಣಮ್ಮ" ಎಂದು ಶುರು ಮಾಡಿ, ಯಾವ ಸ್ತೋತ್ರ ಹೇಳಬೇಕು, ನಮ್ಮ ಮನೆಯಿರುವ ಹಲಸೂರಿನ ಗುಡಿಗೆ ಯಾವ ವಾರ ಬಂದು ದೀಪ ಹಚ್ಚಬೇಕು ಎಂದೆಲ್ಲ ಹೇಳಿದೆ. ಪರ್ಸಿನಲ್ಲಿದ್ದ ಕುಂಕುಮದ ಪೊಟ್ಟಣವನ್ನೂ ಕೈಗಿಟ್ಟೆ. ಟಿನ್ ಫ್ಯಾಕ್ಟರಿ ಸ್ಟಾಪಿನ ಟ್ರಾಫಿಕ್ ಜಾಮ್‌ನಲ್ಲಿ ಕ್ಯಾಬ್ ನಿಂತಿತು, ನನ್ನ ಮಾತು ನಿಲ್ಲಲಿಲ್ಲ.

ಅವಳು ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ಮೆಲ್ಲಗೆ ಹೇಳಿದಳು: "ದೇವ್ರು ನನಗೂ ಅದಾನ್ರಿ ಅಕ್ಕಾರ. ನಮ್ಮವ್ವನ ಹೆಸರಾದ್ರೂ ಒಮ್ಮೆ ಕೇಳ್ತೀರೇನೋ ಅನ್ಕೊಂಡಿದ್ನ್ರಿ."

ನನಗೆ ಮುಖ ಎತ್ತಲಾಗಲಿಲ್ಲ. "ಏನಮ್ಮ ಹೆಸರು?" ಎಂದೆ. "ಗಂಗವ್ವ" ಎಂದವಳು ಹಲಸೂರು ಬರುವವರೆಗೂ ಅವ್ವನ ಬಗ್ಗೆಯೇ ಮಾತಾಡಿದಳು. ಬಾಯಿ ಮುಚ್ಚಿಕೊಂಡು ಕೇಳುವುದು ನನಗೆ ಏಕಾದಶಿಯ ಉಪವಾಸಕ್ಕಿಂತ ಕಷ್ಟವಾಯಿತು.

ಮನೆಗೆ ಬಂದು ದೇವರ ಮುಂದೆ ಕೂತಾಗ ನಾಚಿಕೆ ಇನ್ನಷ್ಟು ಹೆಚ್ಚಿತು. ಇಷ್ಟು ವರ್ಷ ನಾನು ತೋಡಿಕೊಂಡದ್ದನ್ನೆಲ್ಲ ಅವನು ಒಂದು ಸಲವೂ ನಡುವೆ ಬಾಯಿ ಹಾಕದೆ ಕೇಳಿದ್ದಾನೆ. ಏನೂ ಉತ್ತರ ಕೊಡುವುದಿಲ್ಲವಲ್ಲ ನೀನು ಎಂದು ದೂರಿದ್ದನ್ನೂ ಸೇರಿಸಿ.