ತಾತನಿಗೆ ಹಾಲುತುಪ್ಪ

ನಮ್ಮ ವಾತ್ಯಾರ ನಾಲಿಗೆಯ ತುದಿಯಲ್ಲಿ ಯಾವಾಗಲೂ ಒಂದಿಷ್ಟು ಕೆಂಪು ಮಣ್ಣು ಇರುತ್ತಿತ್ತು. ಹಳ್ಳದಲ್ಲಿ ಸಿಕ್ಕಿದ ಚೂರನ್ನೆಲ್ಲ ಎತ್ತಿ ನೆಕ್ಕಿ ನೋಡುವುದು ಅವರ ಚಾಳಿ. ಕಲ್ಲಾದರೆ ಜಾರುತ್ತದೆ, ಹಳೆಯ ಎಲುಬಾದರೆ ಎಂಜಲು ಹೀರಿಕೊಂಡು ನಾಲಿಗೆಗೆ ಅಂಟುತ್ತದೆ ಎನ್ನುತ್ತಿದ್ದರು. ಆಮೇಲೆ ಅದೇ ನಾಲಿಗೆಯಲ್ಲಿ ನಮ್ಮ ಮನೆಯ ಕಾಫಿ ಚಪ್ಪರಿಸುತ್ತಿದ್ದರು. ನೋಡುತ್ತ ಕೂತ ನನಗೆ ವಾಕರಿಕೆ ಬರುತ್ತಿತ್ತು.

ಪೆನ್ನಾಗರಂ ಕಡೆಯ ನಮ್ಮೂರಿನ ಶಾಲೆಯಲ್ಲಿ ಅವರು ವಿಜ್ಞಾನದ ಮೇಷ್ಟ್ರು, ಊರಿಗೆಲ್ಲ ವಾತ್ಯಾರು. ನಾನು ಲೆಕ್ಕ ಹೇಳಿಕೊಡಲು ಹೊಸದಾಗಿ ಸೇರಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಪಾಠ ತಮಿಳಿನಲ್ಲಿ, ಹರಟೆ ಕನ್ನಡದಲ್ಲಿ. ವಾತ್ಯಾರು ಓಮಲೂರಿನಿಂದ ಬಂದ ಒಂಟಿ ಮನುಷ್ಯ, ನಮ್ಮ ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದರು. ಆಫ್ರಿಕಾದಿಂದ ಹೊರಟ ಆದಿಮಾನವರು ನಡೆಯುತ್ತ ನಡೆಯುತ್ತ ನಮ್ಮ ಹಳ್ಳದ ನೀರನ್ನೂ ಕುಡಿದು ಹೋಗಿರಬೇಕು ಎಂಬುದು ಅವರ ತಲೆಗೆ ಹೊಕ್ಕ ಹುಳ. ಅಲ್ಲಿ ನರ್ಮದೆಯ ದಡದಲ್ಲಿ ತಲೆಬುರುಡೆಯ ತುಂಡು ಸಿಕ್ಕಿದೆ. ನಮ್ಮ ಕಡೆ ಕಲ್ಲಿನ ಕೊಡಲಿಗಳು ಸಿಗುತ್ತವೆ, ಅವನ್ನು ಹಿಡಿದವನ ಎಲುಬು ಮಾತ್ರ ಇಲ್ಲ.

"ಆಯುಧ ಐತೆ, ಆಳಿಲ್ಲ. ಇದೆಂಥಾ ಅನ್ಯಾಯ ಹೇಳು!" ಎಂದು ನನ್ನ ಮೇಲೆ ರೇಗುತ್ತಿದ್ದರು, ಆಳನ್ನು ನಾನೇ ಬಚ್ಚಿಟ್ಟವನಂತೆ.

ಒಂದು ಮಳೆಗಾಲದಲ್ಲಿ ಹಳ್ಳದ ದಡ ಕುಸಿದು ಆಳು ಸಿಕ್ಕಿದ. ಸಿಕ್ಕಿದನೆಂದು ಅವರು ನಂಬಿದರು. ದಡದ ಗೋಡೆಯಲ್ಲಿ, ಗಟ್ಟಿ ಸುಣ್ಣಕಲ್ಲಿನ ಪದರದ ನಡುವೆ, ದವಡೆಯ ಹಾಗೆ ಬಾಗಿದ ಒಂದು ತುಂಡು. ಹಲ್ಲೆಂದರೆ ಹಲ್ಲು, ಅಲ್ಲವೆಂದರೆ ಅಲ್ಲ. ನನ್ನ ಕಣ್ಣಿಗೆ ಅದು ಸುಣ್ಣದ ಉಂಡೆ. ಅವರು ಗೋಡೆಗೆ ಮುಖ ಒತ್ತಿ ನೆಕ್ಕಿ, "ಅಂಟ್ತು ಕಣಪ್ಪಾ, ಅಂಟ್ತು!" ಎಂದು ಕೂಗಿದರು. ಕೀಳಲು ಹೋದ ನನ್ನ ಕೈಗೆ ಏಟು ಕೊಟ್ಟರು. "ಎಲುಬು ವಯಸ್ಸು ಹೇಳಲ್ಲ, ಅದು ಮಲಗಿರೋ ಮಣ್ಣು ಹೇಳ್ತದೆ. ಎಬ್ಬಿಸಿದ್ರೆ ಕತೆ ಮುಗೀತು." ಸುತ್ತ ಮುಳ್ಳು ಹಾಕಿದರು, ಮದ್ರಾಸಿನ ತಜ್ಞರೊಬ್ಬರನ್ನು ಬನ್ನಿ ಎಂದು ಬೇಡಿಕೊಂಡರು. ಕಾದು ಕಾದು ಇಬ್ಬರಿಗೂ ಸಾಕಾಯಿತು.

ಅಷ್ಟರಲ್ಲಿ ಯಾರಾದರೂ ಮುಟ್ಟಿಯಾರೆಂಬ ಭಯಕ್ಕೆ ಊರವರನ್ನೆಲ್ಲ ಬೇವಿನ ಮರದ ಕೆಳಗೆ ಕೂರಿಸಿ, ಅಲ್ಲಿ ಮಲಗಿರುವವನು ನಮ್ಮೆಲ್ಲರ ಮೂಲ ತಾತ ಎಂದು ಪಾಠ ಮಾಡಿದರು. ನಮ್ಮವ್ವ ಗಮನವಿಟ್ಟು ಕೇಳಿದಳು.

"ಆ ತಾತನ್ನ ಮಣ್ಣು ಮಾಡಿದ್ದು ಯಾರು ವಾತ್ಯಾರೇ?"

"ಯಾರೂ ಇಲ್ಲ ಕಣವ್ವಾ. ಸತ್ತಲ್ಲೇ ಬಿದ್ದ, ಹೂಳು ಮುಚ್ಕಂತು."

"ಆಲುತುಪ್ಪ?"

"ಅವೆಲ್ಲ ಆಗ ಎಲ್ಲಿತ್ತವ್ವಾ!" ಎಂದು ನಕ್ಕರು.

ಅವ್ವ ನಗಲಿಲ್ಲ. ಹೂತ ಮೂರನೆಯ ದಿನ ಮಣ್ಣಿನ ಮೇಲೆ ಹಾಲುತುಪ್ಪ ಬಿಡದಿದ್ದರೆ ಸತ್ತವರಿಗೆ ನೆಲೆಯಿಲ್ಲ ಎಂಬುದು ನಮ್ಮವರ ನಂಬಿಕೆ.

ಕೊನೆಗೂ ತಜ್ಞರು ಬರುವುದು ಗೊತ್ತಾಯಿತು. ನಾವಿಬ್ಬರೂ ಹಿಂದಿನ ದಿನವೇ ಧರ್ಮಪುರಿಗೆ ಹೋಗಿ, ಬೆಳಿಗ್ಗೆ ಅವರನ್ನು ಬಸ್ಸಿನಲ್ಲಿ ಕರೆತಂದೆವು. ದಾರಿಯುದ್ದಕ್ಕೂ ವಾತ್ಯಾರ ಬಾಯಿಗೆ ಬಿಡುವಿಲ್ಲ. ಹಳ್ಳಕ್ಕಿಳಿದು ನೋಡಿದರೆ ಮುಳ್ಳು ಪಕ್ಕಕ್ಕೆ ಸರಿದಿತ್ತು. ತಾತ ಇದ್ದ ಜಾಗದಲ್ಲಿ ಕುರಿ ತೂರುವಷ್ಟು ದೊಡ್ಡ ಬಿಲ, ಸುತ್ತ ಹಾರೆಯ ಏಟು.

ಅವ್ವ ಮತ್ತು ಊರ ಹೆಂಗಸರು ಮಿಂದು, ಒಗೆದ ಸೀರೆ ಉಟ್ಟು, ಶಭಾಷ್‌ಗಿರಿಗೆ ಕಾಯುವವರಂತೆ ದಡದ ಮೇಲೆ ನಿಂತಿದ್ದರು. "ಮದ್ರಾಸಿನೋರು ನೋಡಿದ್ರೆ ಊರ ಮಾನ ಏನಾಯ್ತದೆ? ಮೂಲ ತಾತನ್ನೇ ಅನಾಥನಂಗೆ ಬುಟ್ಟವ್ರೆ ಅನ್ನಕಿಲ್ವಾ? ನಿನ್ನೆನೇ ಸುಡುಗಾಡಲ್ಲಿ ಮಣ್ಣು ಮಾಡುದ್ವಿ. ಅಷ್ಟು ಕಾಲ ಕಾದವ್ನೆ, ಇನ್ನೂ ಮೂರು ದಿನ ಯಾಕೆ ಅಂತ ಆಲುತುಪ್ಪನೂ ಬುಟ್ವಿ," ಎಂದಳು ಅವ್ವ.

ತಜ್ಞರು ಸಮಾಧಾನವಾಗಿಯೇ ಹೇಳಿದರು. ಕಿತ್ತ ಮೇಲೆ ವಯಸ್ಸು ಹೇಳುವುದು ಕಷ್ಟ. ಆದರೂ ತೆಗೆದು ತೋರಿಸಿ, ಎಲುಬೋ ಸುಣ್ಣದ ಉಂಡೆಯೋ, ಅಷ್ಟಾದರೂ ಹೇಳುತ್ತೇನೆ. ಅವ್ವ ಅಡ್ಡ ನಿಂತಳು. "ಆಲುತುಪ್ಪ ಬುಟ್ಟ ಮಣ್ಣ ಕೆದಕಂಗಿಲ್ಲ. ಕೆದಕೋದಾದ್ರೆ ಮೊದ್ಲು ನನ್ನ ಊಣಿ." ನಾನು ಬೇಡಿದೆ, ಕೂಗಾಡಿದೆ. ಊರಿಗೆ ಊರೇ ಅವಳ ಹಿಂದೆ ನಿಂತಿತು. ತಜ್ಞರು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು.

ಆ ಬಿಲದ ಮುಂದೆ ಕುಕ್ಕರಗಾಲಲ್ಲಿ ಕೂತ ವಾತ್ಯಾರು ಸಂಜೆಯಾದರೂ ಏಳಲಿಲ್ಲ. "ಯಾರ ಮ್ಯಾಲೆ ಸಿಟ್ಟು ಮಾಡ್ಲಿ ಹೇಳು," ಎಂದರು. "ನನ್ನ ಕ್ಲಾಸಿನ ಐಕ್ಳು ಪರೀಕ್ಷೆಗೆ ಬರೀತವೆ, ಒಂದೂ ನಂಬಕಿಲ್ಲ. ಇವ್ರು ನಂಬುದ್ರು. ನಂಬಿದೋರೇ ನನ್ನ ಹಾಳು ಮಾಡುದ್ರು."

ಎಷ್ಟೋ ಕಾಲ ನಮ್ಮ ಮನೆಯ ಕಾಫಿ ಮುಟ್ಟಲಿಲ್ಲ. ಅವ್ವನಿಗೆ ತಾನು ಮಾಡಿದ ತಪ್ಪೇನೆಂದು ಕೊನೆಗೂ ತಿಳಿಯಲಿಲ್ಲ. ತಿಳಿಸಲು ಹೋಗಿ ನಾನೇ ಸೋತೆ. ವಾತ್ಯಾರು ಭಾನುವಾರ ತಪ್ಪದೆ ಹಳ್ಳ ಅಲೆದರು. ಆಮೇಲೆ ನೆಕ್ಕಿದ್ದೆಲ್ಲ ಕಲ್ಲೇ. ಕೆಲವು ವರ್ಷಗಳ ಬಳಿಕ ಒಂದು ಬೆಳಿಗ್ಗೆ ಎದೆನೋವು ಎಂದರು, ಪೆನ್ನಾಗರಂ ಆಸ್ಪತ್ರೆ ಮುಟ್ಟಲಿಲ್ಲ.

ಹೂಳುವ ಜಾಗವನ್ನು ಅವ್ವನೇ ತೋರಿಸಿದಳು. "ಆ ತಾತನ ಪಕ್ಕ. ಇವ್ರಿಗಿಂತ ಅವನ್ನ ಬಲ್ಲೋರು ಯಾರವ್ರೆ?" ಮೂರನೆಯ ದಿನ ಹಾಲುತುಪ್ಪವನ್ನು ಮೊದಲು ಹಳೆಯ ಗುಡ್ಡೆಗೆ ಬಿಟ್ಟು, ಆಮೇಲೆ ವಾತ್ಯಾರಿಗೆ ಬಿಟ್ಟಳು. ಮೊದಲು ಬಂದವನಿಗೆ ಮೊದಲಂತೆ.

ಗುಂಡಿ ತೋಡುವಾಗ ಹಳೆಯ ಗುಡ್ಡೆಯ ಅಂಚು ಕುಸಿದಿತ್ತು. ಆ ಒಣಮಣ್ಣಿನಲ್ಲಿ ಉಗುರಿನಷ್ಟು ಬಿಳಿಯ ಚೂರೊಂದು ಕಂಡಿತು. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದಿದ್ದಾಗ ಅದನ್ನೆತ್ತಿ, ಒರೆಸಿ, ನಾಲಿಗೆಗಿಟ್ಟೆ. ಅಂಟಿಕೊಂಡಿತು. ಎಳೆದರೂ ಬೇಗ ಬಿಡಲಿಲ್ಲ.

ಯಾರದು, ಯಾವ ಕಾಲದ್ದು, ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವಂತೆಯೂ ಇಲ್ಲ. ಆ ಸಿಟ್ಟು ಇಂದಿಗೂ ಆರಿಲ್ಲ. ಸುಣ್ಣದ ಉಂಡೆಯಂತೂ ಅಲ್ಲ. ಅಷ್ಟನ್ನಾದರೂ ಹೇಳೋಣವೆಂದು ತಿರುಗಿದೆ. ಕೇಳಬೇಕಾದವರ ಮೇಲೆ ಹಾಲು ಇನ್ನೂ ಇಂಗುತ್ತಿತ್ತು. ಚೂರನ್ನು ಅದರ ಗುಡ್ಡೆಗೇ ಸೇರಿಸಿ, ಅಂಗೈಯಿಂದ ಮಣ್ಣು ಮುಚ್ಚಿದೆ.